ಗೀರು ಬೀಳುವ ಗಾಜು, ಒಡೆಯುವ ಗಾಜು

ಸ್ವಿಟ್ಜರ್ಲೆಂಡಿನ ಒಮೆಗಾ ಕಂಪನಿ ತನ್ನ ಸ್ಪೀಡ್‌ಮಾಸ್ಟರ್ ಮೂನ್‌ವಾಚನ್ನು ಎರಡು ಬಗೆಯ ಗಾಜಿನಲ್ಲಿ ಮಾರುತ್ತದೆ. ಎರಡಕ್ಕೂ ಅದೇ 42 ಮಿಲಿಮೀಟರಿನ ಸ್ಟೀಲ್ ಕೇಸ್, ಅದೇ ಕಪ್ಪು ಡಯಲ್, 2021ರಲ್ಲಿ ಈ ವಾಚಿಗೆ ಬಂದ ಅದೇ 3861 ಯಂತ್ರ. ಎರಡೂ ಕೀ ಕೊಟ್ಟರೆ ಮಾತ್ರ ನಡೆಯುವಂಥವು. ಸಣ್ಣಪುಟ್ಟ ಅಲಂಕಾರಗಳನ್ನು ಬಿಟ್ಟರೆ ಮುಖ್ಯ ವ್ಯತ್ಯಾಸ ಇಷ್ಟೇ: ಒಂದರ ಮುಖಕ್ಕೆ ಒಮೆಗಾದವರು ‘ಹೆಸಲೈಟ್’ ಎಂದು ಕರೆಯುವ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಇನ್ನೊಂದರ ಮುಖಕ್ಕೂ ಬೆನ್ನಿಗೂ ಸಫೈರ್. ಸಫೈರಿನದಕ್ಕೆ ಬೆಲೆ ಹೆಚ್ಚು.

ಹಲವು ಲಕ್ಷ ರೂಪಾಯಿ ಕೊಟ್ಟು ವಾಚು ಕೊಳ್ಳುವವರು ಇಲ್ಲಿ ತಡವರಿಸುವುದು ಸಹಜ. ಅಷ್ಟು ದುಡ್ಡು ಸುರಿದು ಪ್ಲಾಸ್ಟಿಕ್ ಗಾಜಿನ ವಾಚು ಕಟ್ಟಿಕೊಳ್ಳಬೇಕೆ? ಅಂಗಡಿಯವರನ್ನು ಕೇಳಿದರೆ ಹೆಚ್ಚಿನವರು ಸಫೈರ್ ಕಡೆಗೇ ಕೈ ತೋರಿಸುತ್ತಾರೆ, ‘ಇದಕ್ಕೆ ಗೀರು ಬೀಳಲ್ಲ ಸರ್’ ಎನ್ನುತ್ತಾರೆ. ಆ ಮಾತು ಹೆಚ್ಚುಕಡಿಮೆ ನಿಜ. ಆದರೆ ಅದು ಅರ್ಧ ಕಥೆ. ಉಳಿದರ್ಧ ತಿಳಿಯಬೇಕಾದರೆ ಈ ಎರಡು ವಸ್ತುಗಳು ಏನು, ಅವು ಕೆಡುವುದು ಹೇಗೆ ಎಂಬುದನ್ನು ನೋಡಬೇಕು.

ಸಫೈರ್ ಎಂದ ಕೂಡಲೇ ನಮಗೆ ಹೊಳೆಯುವುದು ನೀಲಮಣಿ. ವಾಚಿನ ಸಫೈರಿಗೆ ಬಣ್ಣವೇ ಇಲ್ಲ. ರಾಸಾಯನಿಕವಾಗಿ ಅದು ಅಲ್ಯೂಮಿನಿಯಂ ಆಕ್ಸೈಡಿನ ಹರಳು, ಕನ್ನಡದಲ್ಲಿ ಕುರಂದ ಎನ್ನುವ ಖನಿಜ. ಸಾಣೆ ಹಿಡಿಯಲು ಬಳಸುವ ಕಲ್ಲೂ ಇದೇ ವಂಶದ್ದು. ಈ ಹರಳಿನೊಳಗೆ ಕ್ರೋಮಿಯಂನ ಲವಲೇಶ ಸೇರಿದರೆ ಕೆಂಪಗಾಗಿ ಮಾಣಿಕ್ಯವಾಗುತ್ತದೆ, ಕಬ್ಬಿಣ ಮತ್ತು ಟೈಟಾನಿಯಂ ಸೇರಿದರೆ ನೀಲವಾಗುತ್ತದೆ. ಏನೂ ಸೇರದಿದ್ದರೆ ತಿಳಿನೀರಿನಷ್ಟು ನಿರ್ಮಲ. ಹಾಗೆ ಶುದ್ಧವಾದದ್ದನ್ನು ಗಣಿಯಿಂದ ತೆಗೆಯುವುದಿಲ್ಲ, ಕಾರ್ಖಾನೆಯಲ್ಲಿ ಬೆಳೆಸುತ್ತಾರೆ. ಫ್ರಾನ್ಸಿನ ಓಗ್ಯುಸ್ತ್ ವೆರ್ನೊಯ್ 1902ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಬುನಾದಿ. ಅಲ್ಯೂಮಿನಾದ ನುಣ್ಣನೆಯ ಪುಡಿಯನ್ನು ಆಮ್ಲಜನಕ, ಜಲಜನಕಗಳ ಉರಿಯ ಮೂಲಕ ಕೆಳಗೆ ಉದುರಿಸುತ್ತಾರೆ. 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಆ ಕಾವಿನಲ್ಲಿ ಪುಡಿ ಕರಗಿ, ಕೆಳಗಿನ ಹರಳಿನ ಮೇಲೆ ಹನಿಹನಿಯಾಗಿ ಕೂತು, ಗಟ್ಟಿಯಾಗುತ್ತಾ ಒಂದೇ ಉದ್ದನೆಯ ಹರಳಾಗಿ ಬೆಳೆಯುತ್ತದೆ. ಇಂದು ಬೇರೆ ವಿಧಾನಗಳೂ ಇವೆ. ಹೇಗೇ ಬೆಳೆಸಲಿ, ಅದನ್ನು ಬಿಲ್ಲೆಗಳಾಗಿ ಕೊಯ್ಯಲು, ತಿದ್ದಲು, ಹೊಳಪು ಕೊಡಲು ವಜ್ರದ ಪುಡಿಯೇ ಬೇಕು. ಬೆಲೆ ಏರುವುದು ಈ ಕೆಲಸದಲ್ಲಿ. ಚಪ್ಪಟೆ ಬಿಲ್ಲೆಯಾದರೆ ಸುಲಭ. ಸ್ಪೀಡ್‌ಮಾಸ್ಟರಿನಂತೆ ಉಬ್ಬಿದ ಗುಮ್ಮಟದ ಆಕಾರವಾದರೆ ಒಳಗೂ ಹೊರಗೂ ಸಾಣೆ ಹಿಡಿಯಬೇಕು.

ಇಲ್ಲೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾಯಿತು. ಅಲ್ಲಿಂದ ಬಂದ ‘ಜನತಾ’ ವಾಚಿನ ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುತ್ತದೆ. ಆ ಹದಿನೇಳು ಜ್ಯುವೆಲ್‌ಗಳು ಚಕ್ರಗಳ ಅಚ್ಚಿನ ತುದಿ ಮೊದಲಾದ ಭಾಗಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯಗಳು, ಅಂದರೆ ಸಫೈರಿನ ಒಡಹುಟ್ಟಿದವೇ. ಯಂತ್ರದ ಒಳಗೆ ಕುರಂದ, ಮೇಲೆ ಮುಚ್ಚಲು ಅಕ್ರಿಲಿಕ್. ಸಾಮಾನ್ಯ ಗುಮಾಸ್ತರ ಕೈಗೆ ಬಂದ ವಾಚಿನಲ್ಲೂ ಎರಡೂ ವಸ್ತುಗಳು ತಮ್ಮತಮ್ಮ ಕೆಲಸ ಮಾಡುತ್ತಿದ್ದವು. ಒಂದು ಮೇಲು, ಇನ್ನೊಂದು ಕೀಳು ಎಂಬ ಭಾವನೆ ವಾಚು ಮಾಡುವವರಲ್ಲಿ ಇರಲಿಲ್ಲ. ಅದು ಮಾರುವವರು ಆಮೇಲೆ ತಂದದ್ದು.

ಅಕ್ರಿಲಿಕ್ ವಯಸ್ಸಿನಲ್ಲಿ ಕಿರಿಯದು. ಜರ್ಮನಿಯ ಒಟ್ಟೊ ರೋಮ್ 1933ರಲ್ಲಿ ‘ಪ್ಲೆಕ್ಸಿಗ್ಲಾಸ್’ ಎಂಬ ಹೆಸರಿನಲ್ಲಿ ಅದನ್ನು ಹೊರತಂದ. ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ‘ಪರ್ಸ್‌ಪೆಕ್ಸ್’ ಬಂತು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಪೈಲಟ್‌ಗಳು ಕೂತದ್ದು ಇದರ ಗುಮ್ಮಟದ ಕೆಳಗೆ. ಹಗುರ, ಪಾರದರ್ಶಕ, ಒಡೆದರೂ ಗಾಜಿನಂತೆ ಸಾವಿರ ಚೂರಾಗುವುದಿಲ್ಲ. ವಾಚುಗಳಲ್ಲಿ ಹಳೆಯ ಗಾಜನ್ನು ಅದು ತಳ್ಳಿಹಾಕಿದ್ದು ಈ ಗುಣಗಳಿಂದಲೇ. ಮುಂದಿನ ಹಲವು ದಶಕ ದೊಡ್ಡ ಹೆಸರುಗಳೆಲ್ಲ ಅದನ್ನೇ ಬಳಸಿದವು. ರೋಲೆಕ್ಸ್ 1970ರ ಕ್ವಾರ್ಟ್ಜ್ ವಾಚಿನಲ್ಲಿ ಸಫೈರ್ ಬಳಸಿತಾದರೂ, ಅದರ 5513 ಸಬ್‌ಮರೀನರ್ 1980ರ ದಶಕದ ಕೊನೆಯವರೆಗೂ ಅಕ್ರಿಲಿಕ್ ಗಾಜಿನಲ್ಲೇ ಬಂತು. 1665 ಸೀ-ಡ್ವೆಲರ್ ಎಂಬ ಮುಳುಗುಗಾರರ ವಾಚು 610 ಮೀಟರ್ ಆಳಕ್ಕೆ ಎಂದು ಮಾಡಿದ್ದು, ಅದರದೂ ಅಕ್ರಿಲಿಕ್ ಗಾಜೇ. ಪ್ಲಾಸ್ಟಿಕ್ ಎಂದರೆ ದುರ್ಬಲ, ನೀರು ಒಳಗೆ ಬಿಡುತ್ತದೆ ಎನ್ನುವವರು ಈ ಸಂಖ್ಯೆಯನ್ನು ಗಮನಿಸಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಡಸುತನ ಬೇರೆ, ತಾಳಿಕೆ ಬೇರೆ. ಪಿಂಗಾಣಿ ತಟ್ಟೆಯನ್ನು ಚಮಚದಿಂದ ಎಷ್ಟು ಕೆರೆದರೂ ಗೆರೆ ಮೂಡದು, ಕೈಜಾರಿದರೆ ಎರಡು ಹೋಳು. ಸ್ಟೀಲ್ ತಟ್ಟೆ ಮೈತುಂಬ ಗೀರು ಹೊತ್ತುಕೊಂಡೇ ಮೂರು ತಲೆಮಾರು ಉಣ್ಣಿಸುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಸಫೈರಿಗೆ 9. ಸಾಧಾರಣ ವಾಚುಗಳಲ್ಲಿರುವ ಮಿನರಲ್ ಗ್ಲಾಸ್ ಐದೂವರೆಯ ಆಸುಪಾಸು, ಅಕ್ರಿಲಿಕ್ ಮೂರರ ಸುತ್ತಮುತ್ತ. ಈ ಪಟ್ಟಿಯಲ್ಲಿ ನಿಜವಾಗಿ ಗಮನಿಸಬೇಕಾದ ಸಂಖ್ಯೆ 7, ಅದು ಸ್ಫಟಿಕಶಿಲೆಯದು. ನಮ್ಮ ರಸ್ತೆಯ ಧೂಳಿನಲ್ಲಿ, ಮರಳಿನಲ್ಲಿ, ಗ್ರಾನೈಟ್ ಕಲ್ಲಿನಲ್ಲಿ ಇರುವುದು ಅದೇ. ಅಂಗಿಯ ತೋಳಿಗೆ ಅಂಟಿದ ಧೂಳೇ ದಿನವಿಡೀ ಉಜ್ಜಿ ಅಕ್ರಿಲಿಕ್ಕನ್ನು ಗೀಚುತ್ತದೆ, ಮಿನರಲ್ ಗ್ಲಾಸನ್ನೂ ಬಿಡುವುದಿಲ್ಲ. ಸಫೈರನ್ನು ಮಾತ್ರ ಅದು ಮುಟ್ಟಲಾರದು. ಗ್ರಾನೈಟ್ ಕಟ್ಟೆಗೆ ತಾಗಿದರೂ ಸಫೈರಿನ ಮೇಲೆ ಗೆರೆ ಬೀಳುವುದಿಲ್ಲ. ವಜ್ರದುಂಗುರ, ಎಮರಿ ಪೇಪರ್, ಸಾಣೆ ಚಕ್ರ, ಇಂಥ ಕೆಲವಕ್ಕಷ್ಟೇ ಅದನ್ನು ಗೀಚುವ ಶಕ್ತಿ.

ಅದೇ ಗ್ರಾನೈಟ್ ಕಟ್ಟೆಗೆ ಸಫೈರಿನ ಅಂಚು ಜೋರಾಗಿ ಬಡಿದರೆ ಕಥೆ ಬೇರೆ. ಸಫೈರ್ ಬಾಗುವುದಿಲ್ಲ. ಪೆಟ್ಟನ್ನು ನುಂಗಿಕೊಳ್ಳುವ ಗುಣ ಅದಕ್ಕಿಲ್ಲ. ಅಂಚು ಸಿಡಿಯುತ್ತದೆ, ಇಲ್ಲವೇ ಇಡೀ ಗಾಜು ಚೂರಾಗುತ್ತದೆ. ಆ ಚೂರುಗಳೂ ಸಫೈರೇ ಎಂಬುದನ್ನು ಮರೆಯಬಾರದು. ಸ್ಟೀಲಿಗಿಂತ ಗಡುಸಾದ ಪುಡಿ ಡಯಲಿನ ಬಣ್ಣವನ್ನು ಕೆರೆಯುತ್ತದೆ, ಮುಳ್ಳುಗಳನ್ನು ಗೀಚುತ್ತದೆ, ಸಂದಿಯಿಂದ ಇಳಿದು ಚಕ್ರಗಳ ಹಲ್ಲುಗಳ ನಡುವೆ ಸೇರುತ್ತದೆ. ಆಗ ಗಾಜು ಬದಲಿಸಿದರೆ ಸಾಲದು, ಇಡೀ ಯಂತ್ರ ಬಿಚ್ಚಿ ತೊಳೆಯಬೇಕು. ಅಕ್ರಿಲಿಕ್ ಅಂಥ ಪೆಟ್ಟಿಗೆ ಬಾಗುತ್ತದೆ, ಮೈಮೇಲೆ ಗಾಯ ಮಾಡಿಕೊಳ್ಳುತ್ತದೆ, ತೀರಾ ಜೋರಾದರೆ ಬಿರುಕು ಬಿಡುತ್ತದೆ. ಒಳಗಿರುವುದನ್ನು ಸಾಮಾನ್ಯವಾಗಿ ಕಾಯುತ್ತದೆ.

ಸ್ಪೀಡ್‌ಮಾಸ್ಟರ್ ಚಂದ್ರನವರೆಗೆ ಹೋದದ್ದು ಈ ಗುಣದಿಂದಲೇ ಎಂದು ಹೇಳುವುದುಂಟು. ತೂಕವಿಲ್ಲದ ನೌಕೆಯೊಳಗೆ ಗಾಜು ಚೂರಾದರೆ ಚೂರುಗಳು ನೆಲಕ್ಕೆ ಬೀಳದೆ ತೇಲುತ್ತವೆ, ಕಣ್ಣಿಗೋ ಶ್ವಾಸಕ್ಕೋ ಹೋಗುತ್ತವೆ, ಆದ್ದರಿಂದ ಅಕ್ರಿಲಿಕ್ಕೇ ಸುರಕ್ಷಿತ ಎಂಬ ವಾದ. ವಾದದಲ್ಲಿ ಹುರುಳಿದೆ. ಆದರೆ ಕಾಲಕ್ರಮ ನೋಡಿದರೆ ಅಕ್ರಿಲಿಕ್ ಬಂದದ್ದು ಬಾಹ್ಯಾಕಾಶಕ್ಕಾಗಿ ಅಲ್ಲ. ಸ್ಪೀಡ್‌ಮಾಸ್ಟರ್ ಅಂಗಡಿಗೆ ಬಂದದ್ದು 1957ರಲ್ಲಿ, ಕಾರಿನ ಓಟಗಾರರನ್ನು ನೆನೆದು. ಆಗಲೇ ಅದರದು ಅಕ್ರಿಲಿಕ್ ಗಾಜು. 1962ರಲ್ಲಿ ಅಮೆರಿಕದ ಗಗನಯಾತ್ರಿ ವಾಲಿ ಶಿರ್ರಾ ಮರ್ಕ್ಯುರಿ ನೌಕೆಯಲ್ಲಿ ಭೂಮಿ ಸುತ್ತಿದಾಗ ಕೈಯಲ್ಲಿದ್ದದ್ದು ಆತನೇ ಕೊಂಡ ಸ್ಪೀಡ್‌ಮಾಸ್ಟರ್. ಗಗನಯಾತ್ರಿಗಳಿಗೆ ವಾಚು ಆರಿಸಲು ನಾಸಾ ನಡೆಸಿದ ಪರೀಕ್ಷೆ ಬಂದದ್ದು ಅದಾದ ಮೇಲೆ.

ಆ ಪರೀಕ್ಷೆಯ ವಿವರ ಓದಿದರೆ ವಾಚಿನ ಗಾಜನ್ನು ಹಗುರವಾಗಿ ಕಾಣುವುದು ಸಾಧ್ಯವಿಲ್ಲ. ಕೊನೆಯ ಸುತ್ತಿಗೆ ಉಳಿದವು ರೋಲೆಕ್ಸ್, ಲಾಂಜೀನ್-ವಿಟ್ನಾವರ್, ಒಮೆಗಾ. 71 ಡಿಗ್ರಿಯಲ್ಲಿ ಎರಡು ದಿನ, ಮತ್ತೆ 93 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ತಣಿಸಿದರು. ಗಾಳಿಯಿಲ್ಲದ ನಿರ್ವಾತದಲ್ಲಿಟ್ಟರು, ಒದ್ದೆ ಗಾಳಿಯಲ್ಲಿಟ್ಟರು, ಕುಲುಕಿದರು, ಗುರುತ್ವದ 40 ಪಟ್ಟು ಹೊಡೆತ ಕೊಟ್ಟರು. ರೋಲೆಕ್ಸಿನ ಮುಳ್ಳು ಕಾವಿಗೆ ಸೊಟ್ಟಗಾಗಿ ಸಿಕ್ಕಿಕೊಂಡಿತು. ಲಾಂಜೀನಿನ ಗಾಜು ಕಾವಿಗೆ ಬಾಗಿ ಕಳಚಿಬಂತು. 1965ರ ಮಾರ್ಚ್ 1ರಂದು ನಾಸಾದ ಒಪ್ಪಿಗೆ ಸಿಕ್ಕಿದ್ದು ಒಮೆಗಾಕ್ಕೆ. ಆ ಒಮೆಗಾಕ್ಕೂ ಆರು ವರ್ಷಗಳ ಮೇಲೆ ಪೆಟ್ಟು ಬಿತ್ತು. 1971ರಲ್ಲಿ ಅಪೊಲೊ 15ರ ಡೇವ್ ಸ್ಕಾಟ್ ಎರಡನೆಯ ಸಲ ಚಂದ್ರನ ಮೇಲೆ ಓಡಾಡಿ ನೌಕೆಗೆ ಹಿಂತಿರುಗಿದಾಗ ಅವರ ಒಮೆಗಾದ ಗಾಜು ಕಳಚಿಹೋಗಿತ್ತು. ಮೂರನೆಯ ಓಡಾಟಕ್ಕೆ ಅವರು ಜೊತೆಯಲ್ಲಿ ಒಯ್ದಿದ್ದ ಬುಲೋವಾ ವಾಚನ್ನು ಕಟ್ಟಿಕೊಂಡರು. ಆ ಬುಲೋವಾ 2015ರಲ್ಲಿ 16 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು.

ಅಕ್ರಿಲಿಕ್ಕನ್ನು ಚಂದ್ರನ ಹೆಸರಿನಲ್ಲಿ ಆಕಾಶಕ್ಕೇರಿಸುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ನಾನು ಬಿಡಲಾರೆ. ಅಕ್ರಿಲಿಕ್ ಗಾಜನ್ನು ಸಾಮಾನ್ಯವಾಗಿ ಅಂಟಿನಿಂದ ಕೂರಿಸುವುದಿಲ್ಲ, ಅದನ್ನು ಕೊಂಚ ಅದುಮಿ ಕೇಸಿನ ತೋಡಿನೊಳಗೆ ಇಟ್ಟು ಬಿಟ್ಟರೆ ತಾನೇ ಅಗಲಿಸಿ ಬಿಗಿಯಾಗುತ್ತದೆ. ಕಾವಿಗೆ ಅದು ಸಫೈರಿಗಿಂತ ಬಹಳ ಹೆಚ್ಚು ಹಿಗ್ಗುತ್ತದೆ. ಅತಿಯಾದ ಬಿಸಿ ಅದರ ವೈರಿ.

ಕಣ್ಣಿಗೆ ಕಾಣುವ ವ್ಯತ್ಯಾಸವೂ ಸಣ್ಣದಲ್ಲ. ಸಫೈರ್ ಬೆಳಕನ್ನು ಹೆಚ್ಚು ಬಾಗಿಸುವ ವಸ್ತು, ಅದರ ವಕ್ರೀಭವನಾಂಕ 1.77, ಅಕ್ರಿಲಿಕ್ಕಿನದು 1.49. ಈ ಸಂಖ್ಯೆ ದೊಡ್ಡದಾದಷ್ಟೂ ಮೇಲ್ಮೈ ಬೆಳಕನ್ನು ಹಿಂದಕ್ಕೆ ಎಸೆಯುವುದು ಜಾಸ್ತಿ. ಲೆಕ್ಕ ಹಾಕಿದರೆ ಸಫೈರಿನ ಒಂದೊಂದು ಮೈಯಿಂದಲೂ ಶೇಕಡ ಏಳೂವರೆಯಷ್ಟು ಬೆಳಕು ಹಿಂತಿರುಗುತ್ತದೆ, ಅಕ್ರಿಲಿಕ್ಕಿನಿಂದ ಶೇಕಡ ನಾಲ್ಕರಷ್ಟು. ಹಾಗಾಗಿ ಲೇಪನವಿಲ್ಲದ ಸಫೈರಿನಲ್ಲಿ ಬಿಸಿಲಿಗೆ ಡಯಲ್ ಬದಲು ನಿಮ್ಮ ಮುಖವೇ ಕಾಣುವುದುಂಟು. ಇದನ್ನು ತಡೆಯಲು ಬೆಲೆಬಾಳುವ ವಾಚುಗಳಲ್ಲಿ ಪ್ರತಿಫಲನ ತಗ್ಗಿಸುವ ತೆಳು ಲೇಪನ ಕೊಡುತ್ತಾರೆ. ಲೇಪನ ಒಳಮೈಗೆ ಮಾತ್ರವೇ, ಹೊರಮೈಗೂ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಹೊರಗಿನ ಲೇಪನ ಸಫೈರಿನಷ್ಟು ಗಡುಸಲ್ಲ, ಅದಕ್ಕೆ ಗೀರು ಬೀಳುತ್ತದೆ. ‘ಸಫೈರಿಗೂ ಗೀರು ಬಿತ್ತು’ ಎಂಬ ದೂರುಗಳಲ್ಲಿ ಅನೇಕ ಸಲ ಗೀರು ಬಿದ್ದದ್ದು ಈ ಲೇಪನಕ್ಕೆ.

ಉಬ್ಬಿದ ಸಫೈರ್ ಗಾಜಿನ ಅಂಚಿನಲ್ಲಿ ಇನ್ನೊಂದು ಲಕ್ಷಣವಿದೆ. ಓರೆಯಾಗಿ ನೋಡಿದರೆ ಡಯಲಿನ ಸುತ್ತ ಹಾಲುಬಣ್ಣದ ಉಂಗುರ ಕಾಣುತ್ತದೆ. ಸಫೈರ್ ಸ್ಪೀಡ್‌ಮಾಸ್ಟರ್ ಕೊಂಡ ಕೆಲವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ, ಕೆಲವರು ವರ್ಷವಾದರೂ ಗಮನಿಸಿರುವುದಿಲ್ಲ. ಹೆಸಲೈಟಿನಲ್ಲಿ ಆ ಉಂಗುರ ಇಲ್ಲ. ಅಂಚಿನಲ್ಲಿ ನಿಮಿಷದ ಗೆರೆಗಳು ಕೊಂಚ ಬಾಗಿ ಕಾಣುತ್ತವೆ, ಬೆಳಕು ಬೆಚ್ಚಗೆ ಹರಡುತ್ತದೆ. ಹಳೆಯ ವಾಚುಗಳ ಚೆಲುವಿನಲ್ಲಿ ಅರ್ಧ ಪಾಲು ಈ ಬಾಗು ಎಂದು ನನ್ನ ಅಭಿಪ್ರಾಯ. ಜರ್ಮನಿಯ ಯುಂಗ್ಹನ್ಸ್ ಕಂಪನಿಯ ಮ್ಯಾಕ್ಸ್ ಬಿಲ್ ವಾಚುಗಳಲ್ಲೂ ಅಕ್ರಿಲಿಕ್ ಗುಮ್ಮಟ ಬಹುಕಾಲ ಉಳಿದುಬಂದದ್ದು ಬರೀ ಉಳಿತಾಯಕ್ಕಾಗಿ ಎನಿಸುವುದಿಲ್ಲ.

ಅಕ್ರಿಲಿಕ್ಕಿನ ದೊಡ್ಡ ಗುಣವನ್ನು ಇನ್ನೂ ಹೇಳಿಲ್ಲ. ಅದರ ಗೀರನ್ನು ನೀವೇ ಅಳಿಸಬಹುದು. ಪಾಲಿವಾಚ್‌ನಂಥ ಪಾಲಿಶ್ ಪೇಸ್ಟ್ ಸಿಗುತ್ತದೆ. ಅದಿಲ್ಲದಿದ್ದರೆ ಹಲ್ಲುಜ್ಜುವ ಬಿಳಿ ಪೇಸ್ಟ್ ಸಾಕು, ಜೆಲ್ ಬೇಡ. ಗಾಜಿನ ಸುತ್ತಲಿನ ಲೋಹಕ್ಕೆ ಟೇಪ್ ಹಚ್ಚಿ, ಧೂಳು ಊದಿ, ಬೇಳೆಕಾಳಿನಷ್ಟು ಪೇಸ್ಟ್ ಇಟ್ಟು, ಹತ್ತಿ ಬಟ್ಟೆಯಲ್ಲಿ ಗೀರಿಗೆ ಅಡ್ಡಡ್ಡವಾಗಿ ಎರಡು ಮೂರು ನಿಮಿಷ ಉಜ್ಜಿ ಒರೆಸಿದರೆ ಸಣ್ಣ ಗೀರುಗಳು ಮಾಯ. ಉಜ್ಜುವಾಗ ಗಾಜು ಬಿಸಿಯಾಗುವಷ್ಟು ಒತ್ತಬೇಡಿ. ಆಳದ ಗೀರಿಗೆ ಮೊದಲು ನಯವಾದ ವಾಟರ್ ಪೇಪರನ್ನು ಒದ್ದೆ ಮಾಡಿ ಉಜ್ಜಬೇಕಾಗುತ್ತದೆ. ಬೆಲೆಬಾಳುವ ವಾಚಾದರೆ ಆ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ಪಾಲಿಶ್ ಮಾಡಿದಾಗೆಲ್ಲ ಗಾಜು ಕೂದಲೆಳೆಯಷ್ಟು ತೆಳುವಾಗುತ್ತದೆ ನಿಜ, ಆದರೆ ಆ ಗಾಜು ಬದಲಿಸುವ ಖರ್ಚೂ ಸಫೈರಿಗಿಂತ ಎಷ್ಟೋ ಕಡಿಮೆ. ಇದೇ ಪೇಸ್ಟನ್ನು ಸಫೈರಿಗೆ ಹಚ್ಚಲು ಹೋಗಬೇಡಿ. ಹರಳಿಗೆ ಏನೂ ಆಗದು, ಹೊರಗೆ ಲೇಪನವಿದ್ದರೆ ಅದು ಹಾಳು.

ಒಂದು ಎಚ್ಚರಿಕೆ. ಅಕ್ರಿಲಿಕ್ಕಿಗೆ ಮದ್ಯಸಾರದಂಥ ದ್ರಾವಕಗಳು ಆಗಿಬರುವುದಿಲ್ಲ. ಸ್ಯಾನಿಟೈಸರ್, ಸೆಂಟು, ಉಗುರುಬಣ್ಣ ತೆಗೆಯುವ ದ್ರವ ತಾಗಿದರೆ, ಅದರಲ್ಲೂ ಬಿಗಿಯಾಗಿ ಕೂರಿಸಿದ ಅಂಚಿನಲ್ಲಿ, ಕೂದಲಿನಂಥ ಬಿರುಕುಗಳ ಜಾಲ ಏಳುತ್ತದೆ. ಅದು ಯಾವ ಪಾಲಿಶಿಗೂ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ದಿನಕ್ಕೆ ಹಲವು ಸಲ ಕೈಗೆ ಸ್ಯಾನಿಟೈಸರ್ ಹಚ್ಚುತ್ತಾರೆ. ಅವರಿಗೆ ನಾನು ಸಫೈರನ್ನೇ ಹೇಳುತ್ತೇನೆ. ದಿನಾ ಬೈಕಿನಲ್ಲಿ ಧೂಳಿನ ರಸ್ತೆ ಸವೆಸುವವರಿಗೆ, ಇರುವುದೊಂದೇ ವಾಚನ್ನು ಬೆಳಗಿನಿಂದ ರಾತ್ರಿವರೆಗೆ ಕಟ್ಟಿಕೊಳ್ಳುವವರಿಗೆ, ಗೀರು ಕಂಡರೆ ಮನಸ್ಸಿಗೆ ಕಿರಿಕಿರಿಯಾಗುವವರಿಗೂ ಸಫೈರೇ ಸರಿ. ಒಡೆಯುವ ಭಯವನ್ನು ದೊಡ್ಡದು ಮಾಡಿಕೊಳ್ಳಬೇಕಿಲ್ಲ. ಸಾಕಷ್ಟು ದಪ್ಪವಿರುವ, ಅಂಚು ಕೇಸಿನೊಳಗೆ ಇಳಿದಿರುವ ಸಫೈರ್ ಗಾಜು ಒಡೆಯುವುದು ಅಪರೂಪ. ಬಹುಪಾಲು ಜನರ ವಾಚಿನಲ್ಲಿ ಅದು ಹೊಸದಾಗಿದ್ದಂತೆಯೇ ಕಡೆತನಕ ಇರುತ್ತದೆ.

ಆದರೆ ಸ್ಪೀಡ್‌ಮಾಸ್ಟರ್‌ ವಿಷಯದಲ್ಲಿ ನನ್ನ ಆಯ್ಕೆ ಹೆಸಲೈಟ್. ಕಡಿಮೆ ಬೆಲೆ ಎಂಬುದು ಕಾರಣವಲ್ಲ, ಚಂದ್ರನ ನೆಂಟಸ್ತಿಕೆಯೂ ಅಲ್ಲ. ಇಷ್ಟು ದುಬಾರಿ ವಸ್ತುವಿನಲ್ಲಿ ಒಡೆಯ ತನ್ನ ಕೈಯಾರೆ ಸರಿಪಡಿಸಬಹುದಾದ ಭಾಗ ಅದೊಂದೇ. ಮಿಕ್ಕಿದ್ದೆಲ್ಲವನ್ನೂ ಸರ್ವೀಸ್ ಸೆಂಟರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಗೀರು ಬಿದ್ದ ಗಾಜನ್ನು ಭಾನುವಾರ ಬೆಳಿಗ್ಗೆ ಉಜ್ಜಿ ಸರಿಮಾಡಿದವರಿಗೆ ಆ ವಾಚು ಅಂಗಡಿಯಿಂದ ತಂದ ದಿನಕ್ಕಿಂತ ಹೆಚ್ಚು ತಮ್ಮದಾಗುತ್ತದೆ. ಸಫೈರ್ ತನ್ನ ಒಡೆಯನಿಂದ ಏನನ್ನೂ ಕೇಳುವುದಿಲ್ಲ, ಅದಕ್ಕೇ ಆ ನಂಟು ಅಲ್ಲಿ ಬೆಳೆಯುವುದಿಲ್ಲ.

ಮನೆಯಲ್ಲಿ ಹಳೆಯ ಎಚ್‌ಎಂಟಿ ಇದ್ದವರಿಗೂ ಇದು ಅನ್ವಯ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ತೀರ್ಮಾನಿಸಿತು, ವಾಚುಗಳು ಮಾತ್ರ ಇನ್ನೂ ಓಡುತ್ತಿವೆ. ಮಂಕಾದ ಗಾಜನ್ನು ಕಂಡು ‘ಹೊಸ ಕಾಲದ ಗ್ಲಾಸ್ ಹಾಕಿಕೊಡಿ’ ಎಂದು ರಿಪೇರಿಯವರನ್ನು ಕೇಳುವವರಿದ್ದಾರೆ. ದಯವಿಟ್ಟು ಬೇಡ. ಆ ಕೇಸಿನ ತೋಡು ಅದುಮಿ ಕೂರಿಸುವ ಅಕ್ರಿಲಿಕ್ಕಿಗೆಂದೇ ಕೊರೆದದ್ದು. ಅಲ್ಲಿ ಗಡುಸು ಗಾಜನ್ನು ಅಂಟು ಹಾಕಿ ಕೂರಿಸಿದರೆ ಧೂಳೂ ತೇವವೂ ಒಳಗೆ ಹೋಗಲು ದಾರಿಯಾಗುತ್ತದೆ. ಮೊದಲು ಪಾಲಿಶ್ ಮಾಡಿಸಿ, ಆಗದಿದ್ದರೆ ಅದೇ ಅಳತೆಯ ಅಕ್ರಿಲಿಕ್ಕನ್ನು ಹಾಕಿಸಿ.

ಕೊಳ್ಳುವಾಗ ಮೋಸ ಹೋಗದಿರಲು ಎರಡು ಮಾತು. ಬರೀ ‘ಸಫೈರ್ ಕೋಟೆಡ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮಿನರಲ್ ಗ್ಲಾಸಿನ ಮೇಲೆ ತೆಳು ಲೇಪನ, ಇಡೀ ಸಫೈರ್ ಅಲ್ಲ. ಕೈಗೆ ತೆಗೆದುಕೊಂಡಾಗ ಗಾಜನ್ನು ಕೆನ್ನೆಗೆ ತಾಗಿಸಿ ನೋಡಿ: ಸಫೈರ್ ಶಾಖವನ್ನು ಬೇಗ ಹೀರುವುದರಿಂದ ತಣ್ಣಗೆ ಕೊರೆಯುತ್ತದೆ, ಅಕ್ರಿಲಿಕ್ ಹಾಗೆ ಕೊರೆಯುವುದಿಲ್ಲ. ಉಗುರಿನಿಂದ ತಟ್ಟಿದರೆ ಸಫೈರ್ ಟಿಣ್ ಎನ್ನುತ್ತದೆ, ಅಕ್ರಿಲಿಕ್ ಮಂದವಾಗಿ ಟಪ್ ಎನ್ನುತ್ತದೆ. ಬಳಸಿದ ಸ್ಪೀಡ್‌ಮಾಸ್ಟರನ್ನು ಕೊಳ್ಳುವವರು ಭೂತಗನ್ನಡಿ ಒಯ್ಯಬೇಕು. ಒಮೆಗಾದ ಅಸಲಿ ಹೆಸಲೈಟಿನ ನಟ್ಟನಡುವೆ, ಮುಳ್ಳುಗಳ ಬುಡಕ್ಕೆ ನೇರವಾಗಿ, ಕಂಪನಿಯ ಲಾಂಛನ ಸಾಸಿವೆಗಿಂತ ಚಿಕ್ಕದಾಗಿ ಮೂಡಿರುತ್ತದೆ. ಅದು ಕಾಣದಿದ್ದರೆ ಗಾಜನ್ನು ಯಾರೋ ಹೊರಗಿನದಕ್ಕೆ ಬದಲಿಸಿರಬಹುದು. ವಾಚು ನಕಲಿ ಎಂದು ಅಷ್ಟರಿಂದಲೇ ತೀರ್ಮಾನಿಸಬೇಕಿಲ್ಲ, ಆದರೆ ಮಾರುವವರನ್ನು ಕೇಳಿ, ಅಸಲಿ ಗಾಜು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.